ತಗಡಿನ ಮಕ್ಕಳಿಗೆ ಕಣ್ಣು ಬಿಡಿಸಿದ್ದು

ನನ್ನ ಮೊಮ್ಮಗಳು ಈಗ ರೋಡಿನ ಬೋರ್ಡುಗಳನ್ನೆಲ್ಲ ಓದುತ್ತಾಳೆ. ಪೆನ್ನಾಗರಂಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು ಒಂದೊಂದನ್ನೂ ಗಟ್ಟಿಯಾಗಿ ಓದಿ ನಗುತ್ತಾಳೆ. ಹೊಗೆನಕಲ್ ದಾರಿಯಲ್ಲಿ ಒಂದು ಮೈಲಿಗಲ್ಲಿನ ಮೇಲೆ ಬರೆದ ದೂರಕ್ಕಿಂತ ಅದರ ಮುಂದಿನ ಕಲ್ಲಿನ ಮೇಲೆ ಬರೆದದ್ದೇ ಹೆಚ್ಚು. "ನಾವು ಅತ್ರ ಬಂದಂಗೆಲ್ಲ ಊರು ದೂರ ಓಯ್ತಾ ಐತಲ್ಲ ಅಜ್ಜಿ" ಅನ್ನುತ್ತಾಳೆ. ಡಾಂಬರು ಹಾಕುವಾಗ ಕಿತ್ತಿಟ್ಟ ಕಲ್ಲುಗಳು ತಿರುಗಿ ನೆಡುವಾಗ ಅದಲುಬದಲಾದವು, ಅಷ್ಟೆ. ಇನ್ನೊಂದು ಕಡೆ ಬಾಣದ ಬೋರ್ಡಿತ್ತು. ಅದರ ಕಂಬಕ್ಕೆ ಎಮ್ಮೆಗಳು ಬೆನ್ನು ತಿಕ್ಕಿ ತಿಕ್ಕಿ, ಬಾಣ ನಮ್ಮ ಊರಿನ ಕುರಿಹಟ್ಟಿಯ ಕಡೆಗೆ ತಿರುಗಿಬಿಟ್ಟಿತ್ತು. ಫಾಲ್ಸ್ ನೋಡಲು ಹೊರಟ ಕಾರಿನವರು ಕುರಿ ನೋಡಿಕೊಂಡು, ಮಜ್ಜಿಗೆ ಕುಡಿದು, ಖುಷಿಯಾಗಿಯೇ ಹೋದದ್ದುಂಟು.

ನಾನು ಹೇಳಬೇಕೆಂದಿರುವುದು ಓದಲು ಹೆಚ್ಚೇನೂ ಇಲ್ಲದ ಒಂದು ಬೋರ್ಡಿನ ಕಥೆ. ಅಕ್ಷರ ಬಾರದವರಿಗೂ ತಿಳಿಯಲಿ ಎಂದು ಚಿತ್ರ ಬರೆದು ಕಳಿಸಿದ ಬೋರ್ಡು ಅದು. ಅದನ್ನು ನಮ್ಮ ಊರು ಹೇಗೆ ತಿಳಿದುಕೊಂಡಿತು ಎಂಬುದೇ ಕಥೆ. ನಮ್ಮ ಊರು ತಮಿಳುನಾಡಿನ ಅಂಚಿನದು; ನಾನು ಓದಿದ್ದು ಎರಡನೇ ತರಗತಿ, ಅದೂ ಹೊಳೆಯಾಚೆ ತವರಿನಲ್ಲಿ, ಕನ್ನಡದಲ್ಲಿ. ಹಾಗಾಗಿ ಇದನ್ನು ತಿದ್ದಿ ಸರಿಮಾಡಿದವರು ಬೇರೆಯವರು. ಇದರಲ್ಲಿರುವ ಸಂತೋಷ ಮಾತ್ರ ನನ್ನದೇ.

ತೊಂಬತ್ತನೇ ಇಸವಿ ದಾಟಿ ಒಂದೆರಡು ವರ್ಷ ಆಗಿತ್ತು. ನಾನು ರೋಡ್ ಗ್ಯಾಂಗಿನಲ್ಲಿದ್ದೆ. ಜಲ್ಲಿ ಹೊರುವುದು, ಗುಂಡಿಗೆ ಡಾಂಬರು ತುಂಬುವುದು, ಹುಣಸೆ ಮರಗಳಿಗೆ, ಮೋರಿ ಕಟ್ಟೆಗಳಿಗೆ ಬಣ್ಣ ಬಳಿಯುವುದು, ಇದು ನಮ್ಮ ಕೆಲಸ. ಬಣ್ಣದ ಕೆಲಸ ಬಂದರೆ ಮೇಸ್ತ್ರಿ ಡಬ್ಬ ತಂದು ನನ್ನ ಮುಂದೆಯೇ ಇಡುತ್ತಿದ್ದ. ದಿನಾ ಬಾಗಿಲಿಗೆ ರಂಗೋಲಿ ಎಳೆದ ಕೈ ನಡುಗುವುದಿಲ್ಲ ಎನ್ನುತ್ತಿದ್ದ.

ಆ ವರ್ಷವೇ ನನ್ನ ಮೊಮ್ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದು. ನಮ್ಮ ಮನೆಯಲ್ಲಿ ಸ್ಕೂಲಿಗೆ ಹೋದ ಮೊದಲನೆಯ ಹೆಣ್ಣುಮಗು ಅವಳು. ನನ್ನ ಎರಡು ವರ್ಷವನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ನೀಲಿ ಲಂಗ, ಬಿಳಿ ಅಂಗಿ, ಭುಜಕ್ಕೊಂದು ಬಟ್ಟೆ ಚೀಲ, ಕೈಯಲ್ಲಿ ಮಧ್ಯಾಹ್ನದ ಊಟಕ್ಕೆ ಅಲ್ಯೂಮಿನಿಯಂ ತಟ್ಟೆ. ಆ ತಟ್ಟೆಯನ್ನು ಬಡಿದುಕೊಂಡು ಅವಳು ಹೋಗುವುದನ್ನು ನಾನು ರೋಡಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ.

ಊರು ರೋಡಿನ ಎಡಗಡೆ, ಸ್ಕೂಲು ಬಲಗಡೆ. ಊರಿನ ಕಾಲುದಾರಿ ರೋಡನ್ನು ಸೇರುವುದು ಒಂದು ತಿರುವಿನಲ್ಲಿ. ಅಲ್ಲಿ ಹುಣಸೆ ಮರಗಳು ಅಡ್ಡ. ಬರುವ ಲಾರಿಗೆ ನಾವು ಕಾಣೆವು, ನಮಗೆ ಲಾರಿ ಕಾಣದು. ಆದ್ದರಿಂದ ಮಕ್ಕಳು ರೋಡಿನ ಎಡ ಅಂಚಿನಲ್ಲೇ ಸ್ವಲ್ಪ ದೂರ ನಡೆದು, ರೋಡು ನೆಟ್ಟಗಾದ ಕಡೆ, ಸ್ಕೂಲಿನ ಗೇಟಿಗೆ ಎದುರಾಗಿ ದಾಟಬೇಕು. ದಾಟುತ್ತಿದ್ದದ್ದೂ ಹಾಗೆಯೇ. ಆಗಷ್ಟೇ ರೋಡು ಅಗಲವಾಗಿತ್ತು. ಪಾಲಕೋಡಿನ ಸಕ್ಕರೆ ಮಿಲ್ಲಿಗೆ ಕಬ್ಬಿನ ಲಾರಿ, ಮಾರ್ಕೆಟ್ಟಿಗೆ ಟೊಮೆಟೊ ಟೆಂಪೊ, ಎಲ್ಲವೂ ಹಾರಿಕೊಂಡು ಹೋಗಲು ಕಲಿತಿದ್ದವು. ಅದಕ್ಕೇ ಆಫೀಸಿನವರು ಆ ಬೋರ್ಡು ಕಳಿಸಿದ್ದು.

ಬೋರ್ಡು ಬಂದಾಗ ಹಳೇ ಪೇಪರಿನಲ್ಲಿ ಸುತ್ತಿತ್ತು. ಮೂರು ಮೂಲೆಯ ದಪ್ಪ ತಗಡು, ಅಂಚಿಗೆ ಕೆಂಪು, ನಡುವೆ ಬಿಳಿ. ಬಿಳಿಯ ಮೇಲೆ ಕೈ ಹಿಡಿದುಕೊಂಡು ನಡೆಯುವ ಎರಡು ಮಕ್ಕಳು, ಇಡೀ ಕರಿ ಬಣ್ಣ. ಒಂದು ಗಂಡು, ಒಂದು ಹೆಣ್ಣು. ಕೆಳಗೆ ಸಣ್ಣ ಪಟ್ಟಿಯಲ್ಲಿ ತಮಿಳಿನಲ್ಲಿ ಸ್ಕೂಲು ಎಂದು. ಸ್ಕೂಲಿಗಿಂತ ಹಿಂದೆಯೇ, ತಿರುವು ಮುಗಿಯುವ ಕಡೆ, ಲಾರಿಯವರಿಗೆ ಎದುರಾಗಿ ಅದನ್ನು ನೆಡಬೇಕಿತ್ತು. ಹಾರೆಯಿಂದ ಸೊಂಟದ ಆಳ ಗುಂಡಿ ತೆಗೆದೆವು. ತಳಕ್ಕೆ ದೊಡ್ಡ ಕಲ್ಲು, ಮೇಲೆ ಜಲ್ಲಿ, ಸಿಮೆಂಟು, ಮರಳು. ಕಂಬ ನೆಟ್ಟಗಿದೆಯೇ ಎಂದು ಮೇಸ್ತ್ರಿ ತೂಗುಗುಂಡು ಬಿಟ್ಟು ಸುತ್ತಲೂ ನೋಡಿದ. ಎಮ್ಮೆ ತಿಕ್ಕಿದರೂ ತಿರುಗದ ಹಾಗೆ ಕಂಬದ ಬುಡಕ್ಕೆ ಅಡ್ಡ ಸಲಾಕೆ ಕೊಟ್ಟೆವು. ಸಿಮೆಂಟು ಬಿಗಿದ ಮೇಲೆ ಬೋರ್ಡನ್ನು ಬೋಲ್ಟು ಹಾಕಿ ಕೂರಿಸಿದೆವು. ಕಂಬಕ್ಕೆ ಕಪ್ಪು ಬಿಳುಪು ಪಟ್ಟೆ ಹೊಡೆದದ್ದು ನಾನು.

ಕೆಲಸ ಮುಗಿಸಿ ಹಿಂದೆ ಸರಿದು ನೋಡಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಸಂಜೆ ಮನೆಗೆ ಹೋಗಿ ಮೊಮ್ಮಗಳಿಗೆ ಹೇಳಿದೆ: "ರೋಡ್ನಾಗೆ ನಿನ್ ಚಿತ್ರ ಹಾಕಿವ್ನಿ ಕಣೇ. ನಾಳೆ ನೋಡು."

ಮಾರನೆಯ ದಿನ ನೋಡಿದಳು. ನೋಡಿದ್ದೇ ತಪ್ಪಾಯಿತು.

ಆ ವಾರ ನಾವು ಮೋರಿಯ ಹತ್ತಿರ ಗುಂಡಿ ಮುಚ್ಚುತ್ತಿದ್ದೆವು. ಬೆಳಿಗ್ಗೆ ಮಕ್ಕಳ ಗುಂಪು ಕಾಲುದಾರಿಯಿಂದ ರೋಡಿಗೆ ಬಂತು. ಬಂದು, ಎಡ ಅಂಚಿನಲ್ಲಿ ನಡೆಯುವ ಬದಲು, ತಿರುವಿನಲ್ಲೇ ಒಬ್ಬರ ಅಂಗಿ ಒಬ್ಬರು ಹಿಡಿದು, ತಲೆ ಬಗ್ಗಿಸಿ, ದಡದಡನೆ ಆಚೆ ಓಡಿತು. ಆಮೇಲೆ ಆ ಕಡೆಯ ಅಂಚಿನಲ್ಲೇ ಸ್ಕೂಲಿನವರೆಗೆ ನಡೆಯಿತು. ಆಟ ಎಂದುಕೊಂಡೆ. ಮಾರನೆಯ ದಿನವೂ ಹಾಗೆಯೇ. ಬೋರ್ಡಿನ ಕೆಳಗೆ ಒಬ್ಬರೂ ಹಾಯಲೊಲ್ಲರು. ತಿರುವಿನಲ್ಲಿ ದಾಟಬೇಡಿ ಎಂದು ಟೀಚರೂ ಬೈದರು, ನಾನೂ ಬೈದೆ. ನಾವು ಇದ್ದಾಗ ಸರಿ, ಇಲ್ಲದಾಗ ಮತ್ತೆ ಅದೇ.

ಕಾರಣ ಹೇಳಿದವಳು ನನ್ನ ಸೊಸೆ. "ಅತ್ತೆ, ನೀವೇನು ನೆಟ್ಟಿದ್ದೀರೋ ನಿಮ್ಗೇ ಗೊತ್ತಾ? ಮಕ ಇಲ್ದಿರೋ ಮಕ್ಳನ್ನ ಊರ್ ಬಾಗ್ಲಾಗೆ ನಿಲ್ಸಿದ್ದೀರಿ. ಕಣ್ಣಿಲ್ಲ, ಮೂಗಿಲ್ಲ. ಕರೀಗೆ ಸುಟ್ಟಂಗವ್ರೆ."

ನಾನು ನಕ್ಕೆ. ಆದರೆ ಅವಳು ನಗಲಿಲ್ಲ. ಊರಿನಲ್ಲೂ ಯಾರೂ ನಗಲಿಲ್ಲ. ನಮ್ಮ ಕಡೆ ಗೊಂಬೆ ಮಾಡಿದರೆ ಅದಕ್ಕೆ ಕಣ್ಣು ಬರೆಯುವವರೆಗೆ ಬಟ್ಟೆ ಮುಚ್ಚಿಡುತ್ತಾರೆ. ಕಣ್ಣಿಲ್ಲದ ಗೊಂಬೆ ಖಾಲಿ ಮನೆ ಇದ್ದ ಹಾಗೆ, ಯಾವ ಗಾಳಿ ಬೇಕಾದರೂ ಬಂದು ಸೇರಿಕೊಳ್ಳುತ್ತದೆ ಎಂದು ನಂಬಿಕೆ. ಆಫೀಸಿನವರಿಗೆ ಅದು ಗುರುತು. ನಮ್ಮ ಊರಿಗೆ ಅದು ಕೆಲಸ ಮುಗಿಯದೆ ಬಿಟ್ಟ ಎರಡು ಗೊಂಬೆ.

ಅಂದ ಮೇಲೆ ಊರು ಸುಮ್ಮನಿರುತ್ತದೆಯೇ. ಒಂದು ದಿನ ಯಾರೋ ಆ ಎರಡು ಕರಿ ತಲೆಗಳಿಗೂ ಸುಣ್ಣದಲ್ಲಿ ಕಣ್ಣು ಇಟ್ಟಿದ್ದರು. ಒಂದಕ್ಕೆ ಮೆಳ್ಳಗಣ್ಣಾಗಿತ್ತು. ಮೇಸ್ತ್ರಿ ತಲೆ ಮೇಲೆ ಕೈ ಹೊತ್ತು, "ಅಕ್ಕಾ, ಅಳುಸು. ಇಂಜಿನಿಯರ್ ಬಂದ್ರೆ ನನ್ ಕಣ್ಣು ಕೀಳ್ತಾರೆ" ಎಂದ. ನಾನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಸುಣ್ಣದ ಜೊತೆ ಕರಿ ಬಣ್ಣವೂ ಕರಗಿ ಮುಖವೆಲ್ಲ ಬೂದಿ ಬಡಿದ ಹಾಗಾಯಿತು. ಮೊದಲೇ ಹೆದರಿದ್ದ ಮಕ್ಕಳು ಈಗ ಆ ದಿಕ್ಕಿಗೂ ತಿರುಗರು. ಮತ್ತೊಂದು ದಿನ ಕಂಬಕ್ಕೆ ಬೇವಿನ ಸೊಪ್ಪು, ನಿಂಬೆಹಣ್ಣು. ಇನ್ನೊಂದು ದಿನ ಯಾರೋ ಪುಣ್ಯಾತ್ಗಿತ್ತಿ ಬೋರ್ಡಿಗೇ ಹಳೇ ಸೀರೆ ಸುತ್ತಿ ಹೋಗಿದ್ದಳು. ಸೀರೆ ಬಿಚ್ಚಿದರೆ ಮಕ್ಕಳಿಗೆ ಭಯ, ಬಿಚ್ಚದಿದ್ದರೆ ಮೇಸ್ತ್ರಿಗೆ ಭಯ.

ಹೀಗಿರುವಾಗಲೇ ಅದು ಆದದ್ದು. ಮಕ್ಕಳು ತಿರುವಿನಲ್ಲಿ ಓಡಿ ದಾಟುತ್ತಿದ್ದಾಗ ಟೊಮೆಟೊ ಟೆಂಪೊ ಬಂತು. ನಾನು ಡಾಂಬರಿನ ಡ್ರಮ್ಮಿನ ಹತ್ತಿರವಿದ್ದೆ. ಬ್ರೇಕಿನ ಕಿರುಚು ಕೇಳಿ ತಿರುಗಿದರೆ, ರೋಡಿನ ನಡುವೆ ಒಂದು ತಟ್ಟೆ ಗುಂಡಗೆ ಉರುಳುತ್ತಾ ಹೋಗಿ ಟೆಂಪೊ ಚಕ್ರದ ಕೆಳಗೆ ಸಿಕ್ಕಿತು. ನನ್ನ ಕೈಯ ಬಾಂಡಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿದೆ. ಮೊಮ್ಮಗಳು ಆಚೆ ಅಂಚಿನಲ್ಲಿ ಕೂತಿದ್ದಳು. ಮೊಣಕಾಲು ತರಚಿತ್ತು, ಬೇರೇನೂ ಆಗಿರಲಿಲ್ಲ. ತಟ್ಟೆ ಕೈ ಜಾರಿದ್ದರಿಂದ ಅವಳು ಒಂದು ಗಳಿಗೆ ನಿಂತು ನೋಡಿದ್ದಳು. ಹಿಂದಿದ್ದ ಹುಡುಗ ಅವಳನ್ನು ಆಚೆಗೆ ಎಳೆದುಕೊಂಡಿದ್ದ. ಟೆಂಪೊ ಡ್ರೈವರು ಇಳಿದು ರೋಡಿನ ಪಕ್ಕದಲ್ಲೇ ಕುಕ್ಕರಿಸಿ, "ಅಮ್ಮಾ, ಎನಕ್ಕು ಪುಳ್ಳೆಂಗ ಇರುಕ್ಕು, ನನಗೂ ಮಕ್ಕಳವ್ರೆ" ಎಂದು ಅದನ್ನೇ ಹೇಳುತ್ತಿದ್ದ. ಅವನಿಗೆ ನೀರು ಕೊಟ್ಟವಳೂ ನಾನೇ.

ಸಂಜೆ ಸೊಸೆ ಆ ತಟ್ಟೆಯನ್ನು ನನ್ನ ಮುಂದೆ ಇಟ್ಟಳು. ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿತ್ತು. "ಸಾಕು ಅತ್ತೆ. ಮುಂದಿನ ವಾರ ನಮ್ಮಪ್ಪ ಬತ್ತಾರೆ. ಅವ್ರ ಜೊತೆ ಇವ್ಳನ್ನ ನನ್ ತವರಿಗೆ ಕಳುಸ್ತೀನಿ. ಅಲ್ಲಿ ಕುರಿ ಇಂದೆ ಇರ್ಲಿ, ಜೀವ್ದಿಂದ ಇರ್ತಾಳೆ." ನನ್ನ ಮಗನೂ ಹೂಂ ಎಂದ. ತಾಯಿ ಹೇಳಿದ್ದರಲ್ಲಿ ಏನು ತಪ್ಪು?

ಮುಂದಿನ ವಾರದವರೆಗೆ ನಾನೇ ಕೈ ಹಿಡಿದು ಬಿಟ್ಟು ಬರುತ್ತೇನೆ ಎಂದು ಹೇಳಿ, ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೊರಟೆ. ಕಾಲುದಾರಿಯಲ್ಲಿ ನಮ್ಮ ಊರು ಕಾಯುವ ದೇವರು ಮುನಿಯಪ್ಪ ಕೂತಿದ್ದಾನೆ. ಆಳೆತ್ತರದ ಮಣ್ಣಿನ ಮೂರ್ತಿ. ಕೈಯಲ್ಲಿ ಮಚ್ಚು, ಕೆನ್ನೆ ತುಂಬ ಮೀಸೆ, ಈಚೆ ಬಂದು ಬೀಳುವ ಹಾಗಿರುವ ಕಣ್ಣು. ಹೊಸಬರು ನೋಡಿದರೆ ಎದೆ ಝಲ್ಲೆನ್ನುತ್ತದೆ. ಮೊಮ್ಮಗಳು ಅವನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಕುಣಿಯುತ್ತಾ ಬಂದಳು.

"ಮುನಿಯಪ್ಪನ್ ಕಂಡ್ರೆ ಭಯ ಇಲ್ವೇನೇ?" ಎಂದು ಕೇಳಿದೆ.

"ಅವ್ನು ನೋಡ್ತಾನಲ್ಲ ಅಜ್ಜಿ. ಅವ್ನಿಗೆ ನಾನು ಗೊತ್ತು."

"ಬೋರ್ಡ್ನಾಗಿರೋ ಮಕ್ಳು?"

ಅವಳು ನನ್ನ ಸೀರೆ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಅವು ತಿರುಗಿ ನೋಡಲ್ಲ. ಒಂದಿನ ನಾನು ಕರುದೆ, ಸ್ಕೂಲಿಗೆ ಬತ್ತೀರಾ ಅಂತ. ಆಗ್ಲೂ ತಿರುಗ್ಲಿಲ್ಲ."

ಆ ಹೆದರಿಕೆಯ ನಡುವೆಯೂ ಅವಳು ಅವರನ್ನು ಕರೆದಿದ್ದಳು. ಯೋಚನೆಯೇ ಮಾಡದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಅವ್ರು ನಿನ್ಗಿಂತ ಮುಂದೆ ಸ್ಕೂಲಿಗೆ ಓಯ್ತಾ ಅವ್ರೆ ಕಣೇ. ನಾವು ಇಂದುಗಡೆಯಿಂದ ನೋಡ್ತಾ ಇದೀವಿ. ಅದು ಬೆನ್ನು. ಬೆನ್ನಿಗೆ ಕಣ್ಣು ಇರ್ತದಾ?"

ಅವಳು ನಿಂತಳು. "ಅಂಗಾರೆ ಮಕ ಆ ಕಡೆ ಐತಾ?"

"ಐತೆ."

"ತೋರ್ಸು."

ಬೋರ್ಡಿನ ಹಿಂದೆ ಬರೀ ಬೂದು ತಗಡು, ನಾವು ಹಾಕಿದ ಬೋಲ್ಟು. "ಇವತ್ತು ಬ್ಯಾಡ. ಅವ್ಕೆ ಎಣ್ಣೆಸ್ನಾನ ಮಾಡಿಸ್ತಾ ಅವ್ರೆ. ಆಮೇಲೆ ತೋರುಸ್ತೀನಿ" ಎಂದೆ. ಎಣ್ಣೆಸ್ನಾನ ಎಂದರೆ ಅವಳಿಗೆ ಚೆನ್ನಾಗಿ ಅರ್ಥವಾಗುತ್ತದೆ; ಹೊತ್ತು ಹಿಡಿಯುವ ಕೆಲಸ. ಒಪ್ಪಿಕೊಂಡಳು. ನನಗೆ ಮಾತ್ರ ಆ ಗಳಿಗೆಯಿಂದ ಬೇರೆ ದಾರಿ ಉಳಿಯಲಿಲ್ಲ. ಹೇಳಿದ ಮೇಲೆ ಆ ಕಡೆ ಮುಖ ಇರಲೇಬೇಕು.

ಮೇಸ್ತ್ರಿಯನ್ನು ಒಪ್ಪಿಸುವುದು ಮೊದಲ ಕೆಲಸ.

"ಅಕ್ಕಾ, ಬೋರ್ಡು ಗೌರ್ಮೆಂಟು ಸೊತ್ತು."

"ಮುಂದ್ಗಡೆ ಗೌರ್ಮೆಂಟು. ಇಂದುಗಡೆ ಬರೀ ತಗಡು."

"ತಗಡೂ ಗೌರ್ಮೆಂಟೇ."

"ಎಮ್ಮೆ ಬೆನ್ನು ತಿಕ್ಕಿ ತಿರುಗಿಸ್ತಲ್ಲ, ಆ ಕಂಬಾನೂ ಗೌರ್ಮೆಂಟೇ. ಎಮ್ಮೆ ಮೇಲೆ ಏನ್ ಕೇಸ್ ಆಕ್ದೆ?"

ಅವನು ಬೀಡಿ ಹಚ್ಚಿಕೊಂಡು ಬೋರ್ಡಿನ ಸುತ್ತ ಒಂದು ಸುತ್ತು ಬಂದ. ಆ ಟೆಂಪೊ ಬಂದ ದಿನ ಅವನೂ ನನ್ನ ಜೊತೆ ಓಡಿದ್ದವನು. "ಮುಂದ್ಗಡೆ ಮೊದ್ಲು ಸರಿ ಮಾಡು. ಅಚ್ಚು ಒಡ್ದಂಗಿರ್ಬೇಕು. ಇಂದುಗಡೆ ಏನ್ ಮಾಡ್ತೀಯೋ ನಾನ್ ನೋಡಿಲ್ಲ" ಎಂದ. ಹಾಗೆ ಹೇಳಿದವನೇ ತಗಡು ಉಜ್ಜಲು ಉಪ್ಪುಕಾಗದ ತಂದುಕೊಟ್ಟ.

ಮುಂದಿನ ಬದಿಯನ್ನು ಸರಿಮಾಡಲು ಒಂದು ಹಗಲು ಹಿಡಿಯಿತು. ಬೂದಿಯಾಗಿದ್ದ ತಲೆಗಳನ್ನು ಉಜ್ಜಿ, ಅಂಚು ತಪ್ಪದ ಹಾಗೆ ಕರಿ ಬಣ್ಣ ತುಂಬಿದೆ. ಆಮೇಲೆ ಕುಂಬಾರ ಮಾವನ ಮನೆಗೆ ಹೋದೆ. ಮುನಿಯಪ್ಪನಿಗೆ ಹರಕೆ ಹೊತ್ತವರು ಕೊಡುವ ಮಣ್ಣಿನ ಕುದುರೆ, ಗೊಂಬೆಗಳನ್ನು ಮಾಡುವವರು ಅವರು. ಸುತ್ತಿನ ಊರುಗಳಲ್ಲಿ ಕಣ್ಣು ಬಿಡಿಸುವ ಕೈ ಅವರದು ಒಂದೇ. ಹಣ್ಣಾದ ಮುದುಕ, ಕಿವಿಯೂ ಅಷ್ಟಕ್ಕಷ್ಟೆ.

"ತಗಡಿಗಾ?" ಎಂದರು.

"ತಗಡಿಗೇ ಮಾವ."

"ಮಣ್ಣು ಬಣ್ಣಾನ ಕುಡೀತದೆ. ತಗಡು ಕುಡಿಯಲ್ಲ, ಉಗೀತದೆ. ಚೆಂದಾಗಿ ಉಜ್ಜಿ, ಒಂದ್ ಬಿಳಿ ಕೋಟು ಕೊಟ್ಟು, ಒಣುಗ್ಸಿ ಇಡು. ಮಕ ನೀನು ಬರಿ. ಕಣ್ಣಿಗೆ ಮಾತ್ರ ನಾನ್ ಬತ್ತೀನಿ." ಎದ್ದು ಹೊರಟವಳನ್ನು ಕರೆದು ಕೇಳಿದರು, "ಯಾರ್ ಮಕ್ಳು ಅಂತ ಬರೀಬೇಕು?"

"ನಮ್ಮೋರೇ ಅಂದ್ಕೊಳ್ಳಿ."

ಬೋರ್ಡಿನ ಹಿಂಬದಿಯನ್ನು ಉಜ್ಜಿ, ಬಿಳಿ ಹೊಡೆದು, ಅದೇ ಹಳೇ ಸೀರೆಯನ್ನು ಆ ಕಡೆಗೆ ಮಾತ್ರ ಇಳಿಬಿಟ್ಟು ಒಣಗಿಸಿದೆ. ಮುಂದೆ ಎರಡು ಮಕ್ಕಳು ಎಲ್ಲಿ ನಿಂತಿದ್ದಾರೋ ಸರಿಯಾಗಿ ಅದರ ಹಿಂದೆಯೇ ಎರಡು ಮುಖ ಬರುವಂತೆ ದಾರ ಹಿಡಿದು ಗುರುತು ಹಾಕಿದೆ. ಹುಡುಗಿಗೆ ಎರಡು ಜಡೆ, ಕೆಂಪು ರಿಬ್ಬನ್ನು, ಕಿವಿಗೆ ಓಲೆ. ಹುಡುಗನಿಗೆ ಎಣ್ಣೆ ಹಾಕಿ ಬಾಚಿದ ಕ್ರಾಪು. ಕಲ್ಲು ಕಂಬಗಳಿಗೆ ಬಳಿದು ಉಳಿದ ಬಣ್ಣ ಅಷ್ಟೇ ಇದ್ದದ್ದರಿಂದ ಹಳದಿಗೆ ಕೆಂಪು ಬೆರೆಸಿ ಮೈಬಣ್ಣ ಮಾಡಿದೆ. ಇಬ್ಬರೂ ಅರಿಸಿನ ಮಿಂದು ಬಂದವರ ಹಾಗೆ ಆದರು. ಮೂಗು, ನಗುವ ಬಾಯಿ ಎಲ್ಲ ಬರೆದು ಕಣ್ಣಿನ ಜಾಗ ಖಾಲಿ ಬಿಟ್ಟು, ಮತ್ತೆ ಸೀರೆ ಇಳಿಬಿಟ್ಟೆ.

ದಿನಾ ಬೆಳಿಗ್ಗೆ ಮೊಮ್ಮಗಳು ಕೇಳುವಳು, "ಇನ್ನೂ ಸ್ನಾನ ಆಗಿಲ್ವಾ?"

"ತಲೆ ಒರುಸ್ಕೊತಾ ಅವ್ರೆ."

ಬೀಗರು ಬರುವ ದಿನ ಹತ್ತಿರವಾಗುತ್ತಿತ್ತು. ಕುಂಬಾರ ಮಾವ ಒಳ್ಳೆಯ ದಿನ ನೋಡಿ ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಬಂದರು. ಆಡಿನ ಕೂದಲ ಸಣ್ಣ ಕುಂಚ, ಒಂದು ಕೈಗನ್ನಡಿ. ಬಂದವರೇ ರೋಡಿನ ಎರಡೂ ಕಡೆ ನೋಡಿ, "ಇಲ್ಲಿ ಆಗಲ್ಲ" ಎಂದು ಕೂತುಬಿಟ್ಟರು.

"ಯಾಕೆ ಮಾವ?"

"ಕಣ್ಣು ಬಿಟ್ ತಕ್ಷಣ ಏನ್ ಕಾಣ್ತದೋ ಅದ್ನೇ ಜೀವಮಾನ ಪೂರ್ತಿ ದಿಟ್ಟಿಸ್ತವೆ. ಮೊದ್ಲು ಕನ್ನಡಿ, ಆಮೇಲೆ ಯಾರಿಗೋಸ್ಕರ ಮಾಡಿದ್ದೋ ಅವ್ರು. ಇಲ್ಲಿ ನೋಡು, ಗಳಿಗೆಗೊಂದು ಲಾರಿ. ಲಾರಿ ಕಂಡ್ರೆ ಆಮೇಲೆ ಬರೀ ಲಾರೀನೇ ನೋಡ್ತಾ ನಿಂತಿರ್ತವೆ. ಮಕ್ಳನ್ನ ಯಾರ್ ನೋಡ್ತಾರೆ?"

ನಾನು ಮೇಸ್ತ್ರಿಯನ್ನು ನೋಡಿದೆ. ಮೇಸ್ತ್ರಿ ಆಕಾಶವನ್ನು ನೋಡಿದ. ಆಮೇಲೆ ಹೋಗಿ, ಡಾಂಬರು ಹಾಕುವಾಗ ವಾಹನ ನಿಲ್ಲಿಸಲು ನಾವು ಇಟ್ಟುಕೊಂಡಿದ್ದ ಎರಡು ಕೆಂಪು ಬಾವುಟ ತಂದ. ಒಂದನ್ನು ಗ್ಯಾಂಗಿನ ಇನ್ನೊಬ್ಬನಿಗೆ ಕೊಟ್ಟು ಪಾಲಕೋಡ್ ಕಡೆಗೆ ಕಳಿಸಿದ. ಇನ್ನೊಂದನ್ನು ತಾನೇ ಹಿಡಿದು ಪೆನ್ನಾಗರಂ ಕಡೆ ತಿರುವಿನಾಚೆ ಹೋಗಿ ನಿಂತ.

ರೋಡು ನಿಂತಿತು. ಈ ಕಡೆ ಒಂದು ಕಬ್ಬಿನ ಲಾರಿ, ಒಂದು ಬಸ್ಸು. ಆ ಕಡೆ ಎರಡು ಟೆಂಪೊ, ಎತ್ತಿನ ಗಾಡಿ. ಬಸ್ಸಿನ ಕಂಡಕ್ಟರ್ ಇಳಿದು ಬಂದು, "ಎನ್ನ, ಆಕ್ಸಿಡೆಂಟಾ?" ಎಂದು ಕೇಳಿದನಂತೆ. ಮೇಸ್ತ್ರಿ, "ಇಲ್ಲೆ, ಕಣ್ ತಿರಪ್ಪು" ಎಂದನಂತೆ. ಕಣ್ಣು ಬಿಡಿಸುವುದು ಎಂದ ಮೇಲೆ ಯಾರು ಬಸ್ಸಿನಲ್ಲಿ ಕೂತಿರುತ್ತಾರೆ? ಹೆಂಗಸರು ಸೆರಗು ಹೊದ್ದುಕೊಂಡು ಇಳಿದರು. ಯಾವ ದೇವರು ಎಂದು ಒಬ್ಬಳು ಕೇಳಿದಳು. ಸ್ಕೂಲು ಮಕ್ಕಳು ಎಂದು ಇನ್ನೊಬ್ಬಳು ಹೇಳಿದಳು. ಅದೇನು ಅರ್ಥವಾಯಿತೋ, ಕೇಳಿದವಳು ಕೈ ಮುಗಿದಳು.

ಮಾವ ಸ್ಟೂಲು ಹತ್ತಿದರು. ಎಡಗೈಯಲ್ಲಿ ಕನ್ನಡಿಯನ್ನು ಮುಖಗಳ ಎದುರಿಗೆ ಹಿಡಿದು, ತಾವು ಓರೆಯಾಗಿ ನಿಂತು, ಬಲಗೈಯಲ್ಲಿ ಬಿಳಿ ಇಟ್ಟರು. ಅವರ ಕೈಗೆ ಗೊತ್ತಿದ್ದದ್ದು ಮುನಿಯಪ್ಪನ ಕಣ್ಣು ಒಂದೇ. ಮಕ್ಕಳ ಮುಖದ ಅರ್ಧ ತುಂಬ ಕಣ್ಣೇ ಆಯಿತು. ಹುಡುಗನ ಕಣ್ಣು ನೋಡಿ ಅಭ್ಯಾಸಬಲದಿಂದ ಅವರ ಕುಂಚ ಮೂಗಿನ ಕೆಳಗೆ ಇಳಿಯತೊಡಗಿತು.

"ಮೀಸೆ ಬ್ಯಾಡ ಮಾವ" ಎಂದು ನಾನು ಅವರ ಪಂಚೆ ಹಿಡಿದೆ.

ಅಷ್ಟರಲ್ಲಿ ಹಿಂದೆ ಬೂಟಿನ ಸದ್ದು. ಬಸ್ಸಿನ ಹಿಂದೆ ಸಿಕ್ಕಿಕೊಂಡಿದ್ದ ಜೀಪಿನಿಂದ ಇಳಿದು ಇಂಜಿನಿಯರೇ ನಡೆದು ಬಂದಿದ್ದರು. ಅವರ ಹಿಂದೆ ಮೇಸ್ತ್ರಿ, ಬಾವುಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು. ಇಂಜಿನಿಯರು ಚಿಕ್ಕ ವಯಸ್ಸಿನ ಆಸಾಮಿ, ತಮಿಳರು. ನಾವಾಡುವ ಕನ್ನಡ ಅವರಿಗೆ ಅರ್ಥವಾಗುತ್ತಿತ್ತು.

"ಯಾರ ಆರ್ಡರ್ ಮೇಲೆ ರೋಡು ನಿಲ್ಲಿಸಿದ್ದು?" ಎಂದು ತಮಿಳಿನಲ್ಲಿ ಕೇಳಿದರು.

ಮೇಸ್ತ್ರಿ, "ಬೋರ್ಡು ಮೇಂಟೆನೆನ್ಸ್ ಸಾರ್" ಎಂದ.

ಅವರು ಬೋರ್ಡಿನ ಮುಂದೆ ಹೋಗಿ ನೋಡಿದರು. ಮುಂದೆ ಎಲ್ಲ ಸರಿಯಾಗಿತ್ತು. ಹಿಂದಕ್ಕೆ ಬಂದರು. ಸ್ಟೂಲಿನ ಮೇಲಿದ್ದ ಮಾವ ತಿರುಗಿಯೂ ನೋಡದೆ, "ಯಾರಾದ್ರೂ ಆಗ್ಲಿ, ಎದುರುಗಡೆ ನಿಲ್ಬೇಡಿ. ಇನ್ನೊಂದ್ ಕಣ್ಣು ಐತೆ" ಎಂದರು. ಇಂಜಿನಿಯರು ಪಕ್ಕಕ್ಕೆ ಸರಿದರು. ಅವರ ಊರಿನಲ್ಲೂ ಈ ಪದ್ಧತಿ ಇದ್ದಿರಬೇಕು.

ಕೊನೆಯ ಕಣ್ಣಿನ ಕರಿ ಬೊಟ್ಟು ಇಟ್ಟರು. ಕನ್ನಡಿಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಪಕ್ಕಕ್ಕೆ ತೆಗೆದರು. "ಎಲ್ಲಿ, ಮಕ್ಳನ್ನ ಕರೀರಿ."

ಸ್ಕೂಲು ಬಿಟ್ಟಿತ್ತು. ಟೀಚರು ಎಲ್ಲರನ್ನೂ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿಕೊಂಡಿದ್ದರು. ವಾಹನವಿಲ್ಲದ ರೋಡನ್ನು ದಾಟಿಕೊಂಡು ಮಕ್ಕಳು ಬಂದವು, ಬಂದು ಒಂದಷ್ಟು ದೂರದಲ್ಲೇ ನಿಂತವು. ನನ್ನ ಮೊಮ್ಮಗಳು ಮಾತ್ರ ಒಂದೊಂದೇ ಹೆಜ್ಜೆ ಇಟ್ಟು ಕಂಬದ ಬುಡಕ್ಕೆ ಬಂದಳು. ತಲೆ ಎತ್ತಿದಳು. ಹುಡುಗಿಯನ್ನು ನೋಡಿದಳು, ಹುಡುಗನನ್ನು ನೋಡಿದಳು, ಮತ್ತೆ ಹುಡುಗಿಯನ್ನೇ ನೋಡಿದಳು. ಅಲ್ಲಿ ನಿಂತಿದ್ದವರಲ್ಲಿ ಬೂಟು ಹಾಕಿದ್ದವರು ಒಬ್ಬರೇ, ಅವರಿಗೆ ಎಲ್ಲ ಗೊತ್ತಿರುತ್ತದೆ ಎಂದುಕೊಂಡಳೋ ಏನೋ, ಇಂಜಿನಿಯರ ಕಡೆ ತಿರುಗಿ ಕೇಳಿದಳು: "ಇವ್ಳು ಒಂದ್ನೇ ಕ್ಲಾಸಾ, ಎರಡ್ನೇ ಕ್ಲಾಸಾ?"

ಅವರು ಬೋರ್ಡನ್ನು ಇನ್ನೊಂದು ಸಲ ನೋಡಿದರು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಲಿಲ್ಲ, ನಿಜವಾಗಿಯೇ ಯೋಚನೆ ಮಾಡಿದರು.

"ಒಣ್ಣಾಂ ಕ್ಲಾಸ್" ಎಂದರು.

"ನಮ್ ಕ್ಲಾಸು" ಎಂದು ಅವಳು ಹಿಂದಿನವರಿಗೆ ಕೂಗಿ ಹೇಳಿದಳು. ಆಗ ಎಲ್ಲ ಮಕ್ಕಳೂ ಕಂಬಕ್ಕೆ ಮುತ್ತಿಕೊಂಡವು.

ರೋಡು ನಿಲ್ಲಿಸಿದ್ದಕ್ಕೆ ಮೇಸ್ತ್ರಿಗೆ ಸರಿಯಾಗಿ ಬೈಗುಳ ಬಿತ್ತು. ಬಾವುಟ ಇರುವುದು ಕೆಲಸಕ್ಕೆ, ಪೂಜೆಗಲ್ಲ ಎಂದರು. ಆಮೇಲೆ ನನ್ನ ಹತ್ತಿರ ಬಂದು ತಮಿಳಿನಲ್ಲಿ ಅಜ್ಜಿ ಎಂದು ಕರೆದು ದನಿ ತಗ್ಗಿಸಿ, "ಪಾಟ್ಟಿ, ಮುಂದಿನ ಬದಿಗೆ ಒಂದು ಚುಕ್ಕೆಯೂ ಬೀಳಬಾರದು. ಡ್ರೈವರ್ ನೋಡುವುದು ಅದನ್ನು" ಎಂದರು. ಆಗಲಿ ಸಾಮಿ ಎಂದೆ. ಹಿಂದಿನದರ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜೀಪು ಹತ್ತುವ ಮೊದಲು ಕುಂಬಾರ ಮಾವನ ಸ್ಟೂಲನ್ನು ರೋಡಿನ ಅಂಚಿನಿಂದ ಅವರೇ ಎತ್ತಿ ಆಚೆ ಇಟ್ಟರು.

ಸೊಸೆಗೆ, "ನಾಳೆ ಬೆಳಿಗ್ಗೆ ಒಂದ್ಸಲ ನನ್ ಜೊತೆ ರೋಡಿಗೆ ಬಾ, ನೋಡು, ಆಮೇಲೆ ನಿನ್ನಿಷ್ಟ" ಎಂದೆ ಅಷ್ಟೆ.

ಬೆಳಿಗ್ಗೆ ನಾವಿಬ್ಬರೂ ಮೋರಿಯ ಕಟ್ಟೆಯ ಹತ್ತಿರ ನಿಂತಿದ್ದೆವು. ಮೊಮ್ಮಗಳು ಜೊತೆಗೆ ಬರಬೇಡಿ ಎಂದು ಮೊದಲೇ ಹೇಳಿದ್ದಳು. ಮಕ್ಕಳು ಕಾಲುದಾರಿಯಿಂದ ಬಂದವು. ತಿರುವಿನಲ್ಲಿ ಒಂದು ಕ್ಷಣ ನಿಂತವು. ಸೊಸೆಯ ಕೈ ನನ್ನ ಮುಂಗೈಯನ್ನು ಹಿಡಿದದ್ದು ಇನ್ನೂ ನೆನಪಿದೆ, ಬಳೆ ಒತ್ತಿ ನೋಯುತ್ತಿತ್ತು. ಆಮೇಲೆ ಮಕ್ಕಳು ರೋಡಿನ ಎಡ ಅಂಚಿನಲ್ಲೇ ಓಡತೊಡಗಿದವು. ನಾ ಮುಂದು ತಾ ಮುಂದು ಎಂದು ಆ ಕರಿ ಬೆನ್ನುಗಳನ್ನು ಹಿಂದೆ ಹಾಕಿ, ಬೋರ್ಡನ್ನು ದಾಟಿ, ಗಕ್ಕನೆ ತಿರುಗಿ ಮುಖ ನೋಡಿ, "ಗೆದ್ವಿ" ಎಂದು ಕೂಗಿ ಕುಣಿದವು. ಅಲ್ಲಿಂದ ನೆಟ್ಟಗೆ ಸ್ಕೂಲಿನ ಎದುರಿಗೆ ನಡೆದವು.

ತಿರುವಿನಿಂದ ಕಬ್ಬಿನ ಲಾರಿಯೊಂದು ಬಂತು. ನೆಟ್ಟಗಿದ್ದ ರೋಡಿನಲ್ಲಿ ದೂರದಿಂದಲೇ ಮಕ್ಕಳನ್ನು ಕಂಡು ಡ್ರೈವರು ನಿಧಾನ ಮಾಡಿದ, ಪೂರ್ತಿ ನಿಲ್ಲಿಸಿದ. ಮೊಮ್ಮಗಳು ಕೈ ಎತ್ತಿ ಹಿಡಿದು, ಚಿಕ್ಕವರನ್ನೆಲ್ಲ ಮುಂದೆ ಬಿಟ್ಟುಕೊಂಡು, ಕೊನೆಯಲ್ಲಿ ತಾನು ದಾಟಿದಳು. ಗೇಟಿನ ಹತ್ತಿರ ಹೋದ ಮೇಲೆ ಲಾರಿ ಇನ್ನೂ ನಿಂತೇ ಇರುವುದನ್ನು ನೋಡಿದಳು. ಚೀಲ ಸರಿಮಾಡಿಕೊಂಡು, ಬಸ್ಸಿನ ಕಂಡಕ್ಟರ್ ಕೂಗುವ ಹಾಗೆ ರಾಗ ತೆಗೆದು ಡ್ರೈವರಿಗೆ ಹೊರಡಲು ಅಪ್ಪಣೆ ಕೊಟ್ಟಳು:

"ರೈಟ್, ಪೋಲಾಂ."

ಲಾರಿ ಹೊರಟಿತು.